ದೀಪದ ಹುಡುಗಿ

ನಾನು ಐದನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಮೃಗಾಲಯ ಸುತ್ತಿ ಕಾಲು ಸೋತ ಮೇಲೆ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದೆವು. ಅಲ್ಲಿ ರಾಜಾ ರವಿವರ್ಮನ ಚಿತ್ರಗಳನ್ನು ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಕತ್ತಲೆ ಮಾಡಿದ್ದ ಒಂದು ಕಡೆ ಆ ಹುಡುಗಿ ಕಂಡಳು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋರುತ್ತಿತ್ತು. ನಿಜವಾದ ದೀಪವೇ ಇದೆಯೆಂದು ಬಗ್ಗಿ ನೋಡಿದ್ದಕ್ಕೆ ಮೇಷ್ಟ್ರು ಕಿವಿ ಹಿಂಡಿದರು.

ಇಷ್ಟು ಚೆನ್ನಾಗಿ ಬರೆಯಲು ರವಿವರ್ಮನಿಗಲ್ಲದೆ ಇನ್ಯಾರಿಗೆ ಸಾಧ್ಯ? ಹಾಗೆಂದು ನಾನೇ ತೀರ್ಮಾನಿಸಿಬಿಟ್ಟೆ. ಮುಂದೆ ಕೆಲಸ ಸಿಕ್ಕಾಗ ಆ ಚಿತ್ರದ ಪ್ರಿಂಟು ಕೊಂಡು, ಕಟ್ಟು ಹಾಕಿಸಿ, ಕೆಳಗೆ ‘ರಾಜಾ ರವಿವರ್ಮ’ ಎಂದು ಮಸಿಯಲ್ಲಿ ಬರೆದು ಗೋಡೆಗೆ ಹಾಕಿದೆ.

1986ರಲ್ಲಿ ನಮ್ಮ ಬ್ಯಾಂಕಿನ ಶಾಖೆಗೆ ಅದೇ ಚಿತ್ರದ ಕ್ಯಾಲೆಂಡರ್ ಬಂತು. ನಾನು ಗಿರಾಕಿಗಳಿಗೆ ರವಿವರ್ಮನ ಗುಣಗಾನ ಮಾಡುತ್ತಿದ್ದೆ. ಬೆಳಗಾವಿ ಕಡೆಯ ನಮ್ಮ ಅಟೆಂಡರ್ ಮೆಲ್ಲಗೆ, “ಸಾಹೇಬ್ರ, ಇದು ರವಿವರ್ಮಾಂದಲ್ರಿ. ಹಲ್ದಂಕರ್ ಅವರದ್ರಿ. ನಮ್ಮವ್ವನ ತವರು ಸಾವಂತವಾಡಿ, ಅವರೂ ಅದೇ ಊರಿನವರು” ಎಂದ. “ನಾನು ಬಿ.ಕಾಂ. ಓದಿದವನು. ನನಗೇ ಪಾಠ ಹೇಳುತ್ತೀಯೇನಯ್ಯ?” ಎಂದೆ. ಕೌಂಟರಿನ ಮುಂದಿದ್ದವರೆಲ್ಲ ನಕ್ಕರು. ಅವನು ಲೆಡ್ಜರುಗಳನ್ನು ಎತ್ತಿಕೊಂಡು ಒಳಗೆ ಹೋದ.

2018ರಲ್ಲಿ ಪತ್ರಿಕೆಯಲ್ಲೊಂದು ಸುದ್ದಿ ಓದಿದೆ. ಆ ಚಿತ್ರಕ್ಕೆ ರೂಪದರ್ಶಿಯಾಗಿದ್ದ ಗೀತಾ ಎಂಬಾಕೆ ನೂರು ವರ್ಷ ದಾಟಿ ಕೊಲ್ಹಾಪುರದಲ್ಲಿ ತೀರಿಕೊಂಡಿದ್ದರು. ಚಿತ್ರ ಬರೆದವರು ಅವರ ತಂದೆ ಎಸ್.ಎಲ್. ಹಲ್ದಂಕರ್. ಅದು ಜಲವರ್ಣದ ಚಿತ್ರ, ಹೆಸರು ‘ಗ್ಲೋ ಆಫ್ ಹೋಪ್’. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಚಿತ್ರದ ಹುಡುಗಿ ಹುಟ್ಟಿದ್ದೇ ಅದಾದ ಮೇಲೆ!

ಸಹಿ ತಾಳೆ ನೋಡದೆ, ತಾರೀಖು ನೋಡದೆ ಒಂದು ಚೆಕ್ಕನ್ನೂ ಪಾಸು ಮಾಡಿದವನಲ್ಲ ನಾನು. ಈ ಒಂದನ್ನು ಮಾತ್ರ ಕಣ್ಣು ಮುಚ್ಚಿಕೊಂಡು ಪಾಸು ಮಾಡಿದ್ದೆ.

ಹಳೆಯ ಸ್ನೇಹಿತರನ್ನು ವಿಚಾರಿಸಿ ಅಟೆಂಡರನ ಫೋನ್ ನಂಬರ್ ಸಂಪಾದಿಸಿದೆ. ಅವನಿಗೆ ಕಿವಿ ಮಂದವಾಗಿತ್ತು. ಎರಡು ಸಲ ಜೋರಾಗಿ ಹೇಳಬೇಕಾಯಿತು: “ಅವತ್ತು ನೀವು ಹೇಳಿದ್ದೇ ಸರಿ. ತಪ್ಪು ನಂದು.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅವತ್ತು ಸಂಜಿ ಮನಿಗೆ ಹೋಗಿ ಹೆಂಡತಿ ಮುಂದ ಹೇಳಿದ್ದೆ ಸಾಹೇಬ್ರ, ನಾ ಸುಳ್ಳು ಹೇಳಿದ್ದಿಲ್ಲ ಅಂತ” ಎಂದ.

ನಾನು ಮರೆತೇಬಿಟ್ಟಿದ್ದ ಮಾತನ್ನು ಆತ 32 ವರ್ಷ ಹೊತ್ತಿದ್ದ.

ಮಕ್ಕಳೇ, ರವಿವರ್ಮನ ಮೇಲೆ ನನಗೆ ಈಗಲೂ ಅಷ್ಟೇ ಅಭಿಮಾನ. ಆದರೆ ಅಭಿಮಾನವಿದೆಯೆಂದು ಒಬ್ಬರ ದುಡಿಮೆಯನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡಬಾರದು. ಮೊನ್ನೆ ಮೊಮ್ಮಗಳ ಕೈಯಲ್ಲಿ ಆ ಚಿತ್ರದ ಕೆಳಗೆ ಸರಿಯಾದ ಹೆಸರು ಬರೆಸಿದ್ದೇನೆ. ಅವಳ ಅಕ್ಷರ ನನ್ನದಕ್ಕಿಂತ ಗುಂಡಗಿದೆ.