ಎಣ್ಣೆ ಕರಗಿತೋ, ಕಣ್ಮರೆಯಾಯಿತೋ?

2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜತೆಗೇ ಎಣ್ಣೂರು ಅಳಿವೆಗೆ ಎಣ್ಣೆ ನುಗ್ಗಿದ್ದು ಚೆನ್ನೈನಲ್ಲಿರುವ ನಮಗಿನ್ನೂ ಮರೆತಿಲ್ಲ. ಮೀನುಗಾರರ ಬಲೆ, ದೋಣಿ, ದಡದ ಕಾಂಡ್ಲಾ ಗಿಡ ಎಲ್ಲವೂ ಕಪ್ಪಾಗಿದ್ದವು. ಇಂಥ ಅವಘಡಗಳಲ್ಲಿ ಮೇಲಿನ ಎಣ್ಣೆ ತೆಗೆದ ಬಳಿಕ, ‘ಉಳಿದದ್ದನ್ನು ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ’ ಎಂಬ ಸಮಾಧಾನ ಕೇಳಿಬರುತ್ತದೆ.

ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಬ್ಯಾಕ್ಟೀರಿಯಾಗಳು ನೇರ ಸರಪಳಿಯ ಹೈಡ್ರೋಕಾರ್ಬನ್‌ಗಳನ್ನು ಬೇಗ ತಿನ್ನುತ್ತವೆ, ಕವಲೊಡೆದವನ್ನು ನಿಧಾನವಾಗಿ. ಹೋಪೇನ್ ಎಂಬ ಅಂಶವನ್ನು ಬಹುತೇಕ ಮುಟ್ಟುವುದಿಲ್ಲ. ಆದ್ದರಿಂದಲೇ ಅದು ಅಳತೆಗೋಲು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸೋರಿದ ಎಣ್ಣೆಯನ್ನೂ ಹೀಗೆಯೇ ಅಳೆದರು. ಅಲೆ ಎಣ್ಣೆಯನ್ನು ಬೇರೆಡೆಗೆ ಒಯ್ದರೆ ಹೋಪೇನ್ ಕೂಡ ಜತೆಗೇ ಹೋಗುತ್ತದೆ, ಅನುಪಾತ ಬದಲಾಗದು. ಆವಿಯಾಗದ ಭಾರದ ಅಂಶಗಳು ಹೋಪೇನ್‌ಗೆ ಹೋಲಿಸಿದಾಗ ಕುಗ್ಗಿದ್ದರೆ, ಅದು ಸೂಕ್ಷ್ಮಜೀವಿಗಳ ಕೆಲಸವೆನ್ನಲು ಬಲವಾದ ಆಧಾರ.

ಈ ಜೀವಿಗಳಿಗೆ ಆಮ್ಲಜನಕ, ಸಾರಜನಕ, ರಂಜಕ ಬೇಕು. ಕಾಂಡ್ಲಾ ಬುಡದ ಕೆಸರಿನಲ್ಲಿ ಕೆಲವೇ ಮಿಲಿಮೀಟರ್ ಕೆಳಗೆ ಆಮ್ಲಜನಕವಿರುವುದಿಲ್ಲ. ಅಲ್ಲಿ ಸೇರಿದ ಎಣ್ಣೆ ವರ್ಷಗಟ್ಟಲೆ ಉಳಿಯಬಲ್ಲದು.

‘ನೀರು ತಿಳಿಯಾಯಿತು’ ಎಂಬುದು ಪುರಾವೆಯಲ್ಲ. ಕೆಸರಿನ ಮಾದರಿ ತೆಗೆದು, ಅನುಪಾತವನ್ನು ಕಾಲಕಾಲಕ್ಕೆ ಬಹಿರಂಗಪಡಿಸಬೇಕು. ಏಡಿ, ಸೀಗಡಿ ನಂಬಿದವರ ಅನ್ನ ಇರುವುದು ಆ ಕೆಸರಿನಲ್ಲೇ.