ಆರೋಗ್ಯ ಅಂಗಳ: ದಪ್ಪ ಇಲಿ ಕಲಿಸಿದ ಪಾಠ

ಸಕ್ಕರೆ ಕಾಯಿಲೆ ಎಂದೊಡನೆ ನಮಗೆ ನೆನಪಾಗುವುದು ಕಣ್ಣು, ಹೃದಯ, ಮಾಯದ ಕಾಲಿನ ಗಾಯ. ಸದ್ದಿಲ್ಲದೆ ದುಡಿಯುವ ಮೂತ್ರಪಿಂಡಗಳ ನೆನಪಾಗುವುದು ಕಾಲು ಊದಿಕೊಂಡ ಮೇಲೆಯೇ. "ಮೂತ್ರ ಸಲೀಸಾಗಿ ಹೋಗುತ್ತಿದೆಯಲ್ಲ, ಇನ್ನೇನು ತೊಂದರೆ?" ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಉತ್ತರ ಹೇಳಲು ಈ ಸಲ ನಮ್ಮ ಅಂಗಳಕ್ಕೆ ಬಂದಿರುವ ಅತಿಥಿ, ಗಣಪತಿಯ ವಾಹನ!

1961ರಲ್ಲಿ ಅಮೆರಿಕದ ಲೋಯಿಸ್ ಝುಕರ್ ಮತ್ತು ಥಿಯೋಡರ್ ಝುಕರ್ ಎಂಬ ವಿಜ್ಞಾನಿಗಳು ಹುಟ್ಟಿನಿಂದಲೇ ಬೊಜ್ಜಿನ ಗುಣ ಹೊತ್ತ ಇಲಿಗಳ ಬಗ್ಗೆ ಬರೆದರು. 1966ರಲ್ಲಿ ಅಲ್ಲಿನದೇ ಜಾಕ್ಸನ್ ಪ್ರಯೋಗಾಲಯದವರು ಬೊಜ್ಜಿನ ಜೊತೆಗೆ ಸಕ್ಕರೆ ಕಾಯಿಲೆಯೂ ಬರುವ ಚಿಟ್ಟಿಲಿಗಳನ್ನು ವರ್ಣಿಸಿದರು. ಇವು ಹೀಗೇಕೆಂಬ ಗುಟ್ಟು ತಿಳಿದದ್ದು 1994ರಲ್ಲಿ ಲೆಪ್ಟಿನ್ ಪತ್ತೆಯಾದ ನಂತರ. "ಹೊಟ್ಟೆ ತುಂಬಿತು, ಸಾಕು" ಎಂದು ಕೊಬ್ಬು ಮಿದುಳಿಗೆ ಕಳುಹಿಸುವ ಸಂದೇಶವೇ ಲೆಪ್ಟಿನ್. ಈ ಇಲಿಗಳಿಗೆ ಆ ಸಂದೇಶ ಕೇಳಿಸುವುದೇ ಇಲ್ಲ, ತಿನ್ನುತ್ತಲೇ ಇರುತ್ತವೆ.

ಇವುಗಳ ಮೂತ್ರಪಿಂಡದಲ್ಲಿ ಕಂಡದ್ದು ವಿಚಿತ್ರ. ಸಕ್ಕರೆ ಏರಿದ ಮೊದಲ ದಿನಗಳಲ್ಲಿ ಮೂತ್ರಪಿಂಡ ಸೋಲುವುದಿಲ್ಲ. ಎಂದಿಗಿಂತ ಹೆಚ್ಚು ದುಡಿಯುತ್ತದೆ! ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಜರಡಿಗಳಿವೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸುತ್ತವೆ. ಸಕ್ಕರೆ ಹೆಚ್ಚಾದಾಗ ಅದನ್ನು ಹಿಂದಕ್ಕೆ ಎಳೆದುಕೊಳ್ಳುವ ಭರದಲ್ಲಿ ಉಪ್ಪಿನಂಶವನ್ನೂ ಎಳೆದುಕೊಳ್ಳುತ್ತವೆ. ಮುಂದಿನ ನಾಳಕ್ಕೆ ಉಪ್ಪು ಕಡಿಮೆ ತಲುಪಿದಾಗ, ಸೋಸುವಿಕೆ ಸಾಲದೆಂದು ತಪ್ಪು ತಿಳಿದು ಮೂತ್ರಪಿಂಡ ರಕ್ತದ ಬಾಗಿಲನ್ನು ಅಗಲಿಸುತ್ತದೆ. ಜರಡಿಯೊಳಗೆ ಒತ್ತಡ ಏರುತ್ತದೆ.

ನಾಲ್ಕು ಜನರ ಕೆಲಸವನ್ನು ಒಬ್ಬಳೇ ಮಾಡುವ ಸೊಸೆಯನ್ನು "ಎಷ್ಟು ಚುರುಕು!" ಎಂದು ಮನೆಮಂದಿ ಹೊಗಳಿದಂತೆ ಇದು. ಅವಳು ಒಳಗೊಳಗೇ ಸವೆಯುವುದು ಯಾರಿಗೂ ಕಾಣದು. ಜರಡಿಗಳು ದೊಡ್ಡದಾಗುತ್ತವೆ, ಗಡುಸಾಗುತ್ತವೆ, ರಕ್ತದ ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರತೊಡಗುತ್ತದೆ. ಕಾಫಿ ಫಿಲ್ಟರನ್ನು ಜೋರಾಗಿ ಒತ್ತಿದರೆ ಗಷ್ಟವೂ ಇಳಿಯುವಂತೆ. ಮೂತ್ರವೇನೋ ಧಾರಾಳವಾಗಿಯೇ ಹೋಗುತ್ತಿರುತ್ತದೆ!

ಈ ಒತ್ತಡವನ್ನು ಇಳಿಸಬಹುದೆಂದು ತೋರಿಸಿದ್ದೂ ಇಲಿಗಳೇ. 1980ರ ದಶಕದಲ್ಲಿ ಬಾಸ್ಟನ್ನಿನ ಬ್ಯಾರಿ ಬ್ರೆನ್ನರ್ ತಂಡವು ಮಧುಮೇಹವಿದ್ದ ಇಲಿಗಳಿಗೆ ಎನಲಾಪ್ರಿಲ್ ಎಂಬ ರಕ್ತದೊತ್ತಡದ ಮದ್ದು ಕೊಟ್ಟಾಗ, ಸಕ್ಕರೆ ಇಳಿಯದಿದ್ದರೂ ಪ್ರೋಟೀನ್ ಸೋರಿಕೆ ತಗ್ಗಿತು. ಎರಡನೆಯ ಬಗೆಯ ಮಧುಮೇಹಿಗಳಲ್ಲಿ ಲೊಸಾರ್ಟನ್ ಮೂತ್ರಪಿಂಡಕ್ಕೆ ಆಸರೆಯಾಗುವುದು 2001ರಲ್ಲಿ ಸಾಬೀತಾಯಿತು. ಸಕ್ಕರೆಯನ್ನು ಹಿಂದಕ್ಕೆಳೆಯದಂತೆ ತಡೆಯುವ ಕೆನಾಗ್ಲಿಫ್ಲೋಜಿನ್ ಕೂಡ ಅದೇ ಕೆಲಸ ಮಾಡುವುದೆಂದು 2019ರಲ್ಲಿ ತಿಳಿಯಿತು. ಆದರೆ ಇಲಿಗೆ ಹಿಡಿಸಿದ ಮದ್ದೆಲ್ಲ ಮನುಷ್ಯನಿಗೆ ಹಿಡಿಸಿಲ್ಲ. ಆದ್ದರಿಂದ ಪಕ್ಕದ ಮನೆಯವರ ಚೀಟಿ ನೋಡಿ ಮಾತ್ರೆ ತರಿಸಬೇಡಿ, ವೈದ್ಯರನ್ನು ಕೇಳಿ.

ನಾವು ಮಾಡಬೇಕಾದ್ದು ಇಷ್ಟು. ಎರಡನೆಯ ಬಗೆಯ ಮಧುಮೇಹವೆಂದು ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆಯಾದರೂ ಎರಡು ಪರೀಕ್ಷೆ: ಮೂತ್ರದಲ್ಲಿ ಅಲ್ಬುಮಿನ್‌-ಕ್ರಿಯಾಟಿನಿನ್ ಅನುಪಾತ, ರಕ್ತದಲ್ಲಿ ಕ್ರಿಯಾಟಿನಿನ್. ಮೊದಲನೆಯದು 30ರ ಒಳಗಿದ್ದರೆ ಸಮಾಧಾನ. ಕ್ರಿಯಾಟಿನಿನ್ ಸರಿಯಿದ್ದಾಗಲೂ ಅಲ್ಬುಮಿನ್ ಸೋರುತ್ತಿರಬಹುದು. ಆದ್ದರಿಂದ ಒಂದನ್ನೇ ಮಾಡಿಸಿ ಸುಮ್ಮನಾಗಬೇಡಿ. ರಕ್ತದೊತ್ತಡ ಹತೋಟಿಯಲ್ಲಿರಲಿ. ಉಪ್ಪಿನಕಾಯಿ, ಹಪ್ಪಳ ಮಿತವಾಗಿರಲಿ. ಮಂಡಿನೋವೆಂದು ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗುವ ಅಭ್ಯಾಸ ಬಿಡಿ. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಹೊರೆ.

ಕೊನೆಯದಾಗಿ ಸೋದರಿಯರಿಗೆ ಒಂದು ಮಾತು. ಯಜಮಾನರ ರಿಪೋರ್ಟುಗಳನ್ನು ನಾವು ತಾರೀಖಿನ ಪ್ರಕಾರ ಜೋಡಿಸಿಡುತ್ತೇವೆ. ನಮ್ಮದು ಮಾತ್ರ "ದೀಪಾವಳಿ ಕಳೆಯಲಿ, ಮಗಳ ಬಾಣಂತನ ಮುಗಿಯಲಿ" ಎಂದು ಮುಂದಕ್ಕೆ ಹೋಗುತ್ತದೆ. ಚುರುಕಾಗಿ ಓಡಾಡುತ್ತಿದ್ದೇವೆ ಎಂಬುದು ಆರೋಗ್ಯದ ಪುರಾವೆಯಲ್ಲ. ಆ ಮೂಕ ಪ್ರಾಣಿಗಳು ಜೀವ ತೆತ್ತು ಕಲಿಸಿದ್ದು ಅದನ್ನೇ. ಮುಂದಿನ ಸಲ ಲ್ಯಾಬಿನವರು ಮನೆಗೆ ಬಂದಾಗ ನಿಮ್ಮ ಹೆಸರನ್ನೂ ಬರೆಸಿ.