ದುಡ್ಡು ಸುರಿದರೆ ನಕ್ಷತ್ರ ದುಂಡಗಾಗುತ್ತಾ?

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಇವತ್ತು ಸ್ವಲ್ಪ ಸಿಟ್ಟಲ್ಲೇ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ :-)

ನನಗೆ ರಾತ್ರಿ ಆಕಾಶದ ಫೋಟೋ ತೆಗೆಯೋ ಹುಚ್ಚು. ಆಕಾಶ ಗಂಟೆಗೆ ಸುಮಾರು 15 ಡಿಗ್ರಿ ತಿರುಗುತ್ತೆ. ಅದಕ್ಕೇ ಟೆಲಿಸ್ಕೋಪನ್ನು ಮೌಂಟ್ ಮೇಲೆ ಕೂರಿಸಿ ನಕ್ಷತ್ರಗಳ ಹಿಂದೆಯೇ ತಿರುಗಿಸಬೇಕು. ಪಕ್ಕದಲ್ಲೊಂದು ಪುಟ್ಟ ಗೈಡ್ ಸ್ಕೋಪ್ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು ಮೌಂಟಿನ ತಪ್ಪು ತಿದ್ದುತ್ತಿರುತ್ತೆ. ಇಷ್ಟಾದರೂ ನಕ್ಷತ್ರಗಳು ಅವರೆಕಾಳಿನ ಹಾಗೆ ಉದ್ದುದ್ದ ಬಂದರೆ? ಯಾರನ್ನು ಕೇಳಿದರೂ ಒಂದೇ ಉತ್ತರ: "ಮೌಂಟ್ ಬದಲಾಯಿಸಿ."

ಬದಲಾಯಿಸಿದೆ, ಕಂತಿನ ಮೇಲೆ! ಗೈಡಿಂಗ್ ಗ್ರಾಫ್ ನೆಟ್ಟಗಾಯ್ತು, ನಕ್ಷತ್ರ ಮಾತ್ರ ಅದೇ ಅವರೆಕಾಳು. ಕೊನೆಗೆ ಸಿಕ್ಕ ಕಳ್ಳ ಯಾರು ಗೊತ್ತಾ? ಗೈಡ್ ಸ್ಕೋಪ್ ಹಿಡಿದಿದ್ದ ಒಂದು ಸಡಿಲ ತಿರುಪು. ಸ್ಕೋಪ್ ಕೂದಲೆಳೆಯಷ್ಟು ವಾಲಿದರೂ ಗ್ರಾಫ್‌ನಲ್ಲಿ ಎಲ್ಲಾ ಸರಿಯಾಗೇ ಕಾಣುತ್ತೆ, ಮುಖ್ಯ ಕ್ಯಾಮೆರಾದಲ್ಲಿ ನಕ್ಷತ್ರ ಜಾರುತ್ತಿರುತ್ತೆ.

ಅಲ್ಲ ಸ್ವಾಮಿ, ಕೋಡಲ್ಲಿ ಬಗ್ ಬಂದರೆ ಲ್ಯಾಪ್‌ಟಾಪ್ ಬದಲಾಯಿಸ್ತೀವಾ? ಮೊದಲು ಬಗ್ ಎಲ್ಲಿದೆ ಅಂತ ಹುಡುಕ್ತೀವಿ. ಇಲ್ಲೂ ಅಷ್ಟೇ. ಒಂದೇ ಜಾಗದ್ದು 5 ಸೆಕೆಂಡಿನ ಒಂದು ಫೋಟೋ, 300 ಸೆಕೆಂಡಿನ ಒಂದು ಫೋಟೋ ತೆಗೀರಿ. ಎರಡರಲ್ಲೂ ಒಂದೇ ಥರ ಸೊಟ್ಟಗಿದ್ದರೆ ತಪ್ಪು ಹೆಚ್ಚಾಗಿ ಲೆನ್ಸ್, ಸೆನ್ಸರ್ ಕಡೆಯದು. ಮೂಲೆಗಳಲ್ಲಿ ಮಾತ್ರ ಎಳೆದ ಹಾಗಿದ್ದರೆ ಸೆನ್ಸರ್ ವಾಲಿದೆಯಾ, ಫ್ಲ್ಯಾಟ್ನರ್‌ನಿಂದ ಸೆನ್ಸರ್‌ಗೆ ಇರೋ ದೂರ ಸರಿಯಿದೆಯಾ ನೋಡಿ. ಹೊತ್ತು ಹೆಚ್ಚಿದಂತೆ ಎಲ್ಲವೂ ಒಂದೇ ದಿಕ್ಕಿಗೆ ಉದ್ದವಾದರೆ ಟ್ರ್ಯಾಕಿಂಗ್ ತಪ್ಪು, ಇಲ್ಲಾ ನನ್ನ ತಿರುಪಿನ ಕಥೆ. ಗೈಡ್ ನಕ್ಷತ್ರದ ಸುತ್ತ ಗಿರಕಿ ಹೊಡೆದ ಹಾಗಿದ್ದರೆ ಪೋಲಾರ್ ಅಲೈನ್‌ಮೆಂಟ್ ಸರಿಯಿಲ್ಲ. ಬೆಂಗಳೂರಲ್ಲಂತೂ ಧ್ರುವ ನಕ್ಷತ್ರ ಬರೀ 13 ಡಿಗ್ರಿ ಎತ್ತರದಲ್ಲಿ, ಪಕ್ಕದ ಮನೆ ನೀರಿನ ಟ್ಯಾಂಕ್ ಹಿಂದೆ! ಅದು ಕಾಣದಿದ್ದರೂ ಡ್ರಿಫ್ಟ್ ವಿಧಾನದಲ್ಲಿ ಸರಿ ಮಾಡಬಹುದು.

"ಎಐ ತಂತ್ರಾಂಶ ಒಂದು ಕ್ಲಿಕ್ಕಿಗೆ ದುಂಡಗೆ ಮಾಡುತ್ತಲ್ಲ?" ಅಂತೀರಾ? ಚಿತ್ರ ಚೆಂದ ಆಗುತ್ತೆ, ಒಪ್ಪಿದೆ. ಆದರೆ ಅದು ಕಜ್ಜಿಗೆ ಪೌಡರ್ ಬಳಿದ ಹಾಗೆ... ಮುಂದಿನ ಅಮಾವಾಸ್ಯೆಗೂ ಅದೇ ಕಾಟ.

ಕೆಟ್ಟ ಮೌಂಟ್‌ಗಳು ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಬೈಯೋ ಮುಂಚೆ ಪರೀಕ್ಷೆ ಮಾಡಿ, ಸಲಹೆ ಕೊಡೋ ಮುಂಚೆ ಫೋಟೋ ತೋರಿಸಿ ಅನ್ನಿ, ಅಷ್ಟೇ. ತಿರುಪು ಬಿಗಿ ಮಾಡೋಕೆ ನನಗೆ ಒಂದು ಪೈಸೆ ಖರ್ಚಾಗಲಿಲ್ಲ. ಮೌಂಟಿನ ಕಂತು ಇನ್ನೂ ಕಟ್ತಾ ಇದೀನಿ :-(

ಏನಂತೀರಿ?